ಗೇರು ಹಿಡಿಯುವವಳು

"ಹಿಡ್ಕೊ!" ಎಂದ ಭೋಜರಾಜ.

ರಾಜೀವಿ ಆಗಲೇ ಹಿಡಿದಾಗಿತ್ತು. ಏರು ಕಂಡರೆ ಸಾಕು, ಅವಳ ಬಲಗೈ ತಾನಾಗಿ ಗೇರಿನ ಸರಳಿನ ಮೇಲೆ ಹೋಗಿ ಕೂರುತ್ತಿತ್ತು. ಗಂಡ ಮೂರನೇ ಗೇರಿಗೆ ಹಾಕಿ ಕೈ ತೆಗೆದನೋ, ಇವಳು ಮೈಯ ಭಾರವನ್ನೆಲ್ಲ ಹಾಕಿ ಅದನ್ನು ಒತ್ತಿ ಹಿಡಿಯಬೇಕು. ಬಿಟ್ಟರೆ ಗೇರು ಟಣ್ಣೆಂದು ಹಾರಿ, ಎಂಜಿನ್ನು ಬಾಯಿ ಬಡಿದುಕೊಂಡು, ಕಾರು ನಡುರಸ್ತೆಯಲ್ಲಿ ಮುನಿಸಿಕೊಂಡು ನಿಲ್ಲುತ್ತಿತ್ತು.

ಅದನ್ನು ಕಾರು ಎಂದು ಗಟ್ಟಿಯಾಗಿ ಹೇಳುತ್ತಿದ್ದವನು ನಾವುಂದದಲ್ಲಿ ಭೋಜರಾಜ ಶೆಟ್ಟಿ ಒಬ್ಬನೇ. ಬೊಂಬಾಯಿಯ ಗುಜರಿಯಿಂದ ಪೆಟ್ಟಿಗೆ ಪೆಟ್ಟಿಗೆಯಾಗಿ ತುಂಡುಗಳನ್ನು ತರಿಸಿ, ಕೊಟ್ಟಿಗೆಯಿಂದ ಎಮ್ಮೆಗಳನ್ನು ಹೊರಗೆ ಕಟ್ಟಿ, ವರ್ಷಗಟ್ಟಲೆ ಕೂತು ಜೋಡಿಸಿದ್ದ. ಚಕ್ರ ಯಾವುದೋ ದೊರೆಯದ್ದು, ಎಂಜಿನ್ನು ಇನ್ಯಾವುದೋ ದೊರೆಯದ್ದು, ಮೈ ಮಾತ್ರ ಮನೆಯ ಹಲಸಿನ ಹಲಗೆ ಮತ್ತು ತಗಡು. ಅರವತ್ತೆಂಟರ ಚೌತಿಗೆ ಅದು ಮೊದಲ ಸಲ ಅಂಗಳ ದಾಟಿದಾಗ ಊರಿಗೆ ಊರೇ ನಕ್ಕಿತು. ಆಮೇಲೆ ಹತ್ತಲು ಜಾಗ ಕೇಳಿತು.

ಮನೆ ಭೋಜರಾಜನದ್ದಲ್ಲ, ಅವನ ಅಕ್ಕ ಕುಸುಮಾವತಿಯದ್ದು. ಅಳಿಯಕಟ್ಟಿನ ಮನೆಯಲ್ಲಿ ಎಲ್ಲ ಅಕ್ಕನ ಹೆಸರಿಗೆ. ತಮ್ಮ ನೋಡಿಕೊಳ್ಳುವವನು, ತಮ್ಮನ ಹೆಂಡತಿ ಉಂಡು ಕೆಲಸ ಮಾಡುವವಳು. ಹಾಗಾಗಿ ಮುಂದಿನ ಸೀಟು ನ್ಯಾಯವಾಗಿ ಅಕ್ಕನದ್ದೇ. ಮೊದಮೊದಲು ಅವಳೇ ಕೂತಿದ್ದಳು ಕೂಡ. ಮರವಂತೆ ಮುಟ್ಟುವಷ್ಟರಲ್ಲಿ ಕೈಯೆಲ್ಲ ಗ್ರೀಸು, ತೋಳೆಲ್ಲ ನೋವು. "ಇದ್ ಕೆಲ್ಸದವ್ರ್ ಕೈಯಂಗೆ ಆಪುದ್" ಎಂದು ಹಿಂದಕ್ಕೆ ಹೋಗಿ ಕೂತಳು, ರಾಜೀವಿಯನ್ನು ಮುಂದೆ ಕೂರಿಸಿದರು.

ಆದರೆ ರಸ್ತೆಯಲ್ಲಿ ಹೋಗುವವರಿಗೆ ಗ್ರೀಸು ಕಾಣುವುದಿಲ್ಲವಲ್ಲ! ಶೆಟ್ಟರ ಪಕ್ಕದಲ್ಲಿ ಕೊರಳು ನೆಟ್ಟಗೆ ಮಾಡಿ ಕೂತ ಶೆಡ್ತಿ ಕಾಣುತ್ತಿದ್ದಳು. ಹಿಂದೆ ತೆಂಗಿನಕಾಯಿ ಚೀಲದ ಪಕ್ಕ ಅಕ್ಕ ಕಾಣುತ್ತಿದ್ದಳು. ರಾಜೀವಿಗೆ ಇದರ ರುಚಿ ಹತ್ತಿತ್ತು, ಸುಳ್ಳು ಯಾಕೆ ಹೇಳಬೇಕು? ಮದುವೆಯಾಗಿ ಬಂದ ಮೇಲೆ ಆ ಮನೆಯಲ್ಲಿ ಅವಳಿಗೆ ಸಿಕ್ಕಿದ ಜಾಗ ಎಂದರೆ ಅದೊಂದೇ. ಮೀನು ಮಾರುವ ಜಲಜ, "ಹ್ವಾಯ್ ಶೆಡ್ತ್ಯಮ್ಮ, ಇವತ್ತೂ ಗೇರ್ ಹಿಡುಕೆ ಹೊರ್ಟ್ರ್ಯಾ?" ಎಂದು ಕೂಗಿದರೆ ಖುಷಿಯಿಂದ ಕೈ ಬೀಸುತ್ತಿದ್ದಳು. ಈ ಸುದ್ದಿ ಶಿರೂರಿನಲ್ಲಿ ಹಾಸಿಗೆ ಹಿಡಿದಿದ್ದ ಅವಳ ತಾಯಿಯ ಕಿವಿಗೂ ಬಿತ್ತು. ಕಿವಿ ಮಂದವಾದ ಮುದುಕಿ ಗಾಬರಿಯಾಗಿ, "ನನ್ ಮಗ್ಳ ಹತ್ರ ಗೇರ್‌ಬೀಜ ಹೆಕ್ಸ್ತ್ರಾ?" ಎಂದು ಹೇಳಿ ಕಳಿಸಿದಳು. ಕುಸುಮಾವತಿ ಎರಡು ದಿನ ಅದನ್ನೇ ಹೇಳಿಕೊಂಡು ನಕ್ಕಳು.

ಕಾರು ಬರುವ ಮೊದಲು ರಾಜೀವಿ ಬಸ್ಸಿನಲ್ಲಿ ತಾಯಿಯನ್ನು ನೋಡಿ ಬರುತ್ತಿದ್ದಳು. ಕಾರು ಬಂದದ್ದೇ ತಪ್ಪಾಯಿತು. "ಕಾರಿಪ್ಪು ಮನಿ ಹೆಂಗ್ಸ್ ಬಸ್ಸಂಗೆ ಹೋಪುದಾ? ನಮ್ ಮರ್ಯಾದಿ ಎಂತ ಆತ್ತ್?" ಎಂದಳು ಅಕ್ಕ. ಕಾರಾದರೋ ಬೈಂದೂರು ದಾಟಿ ಒತ್ತಿನೆಣೆ ಗುಡ್ಡ ಇಳಿಯುವಂತಿಲ್ಲ. ಆ ಇಳಿಜಾರಿನಲ್ಲಿ ಗೇರು ಹಾರಿದರೆ ಈ ಬ್ರೇಕನ್ನು ನಂಬುವ ಹಾಗಿಲ್ಲ. "ಗೇರ್‌ಬಾಕ್ಸ್ ಸಮ ಆಯ್ಲಿ. ಸಮ ಆದ್ ಮರ್ದಿನವೇ ನಿನ್ನಬ್ಬಿ ಹತ್ರ ಕರ್ಕಂಡ್ ಹೋತೆ" ಎಂದ ಭೋಜರಾಜ.

ಅದನ್ನು ಸಮ ಮಾಡಿಸುವ ಆತುರ ಅವಳಿಗಿಂತ ಹೆಚ್ಚು ಅಕ್ಕನಿಗಿತ್ತು. ಯಾಕೆಂದು ರಾಜೀವಿ ಯೋಚಿಸಲಿಲ್ಲ. ತಾಯಿಯ ಮುಖವೊಂದೇ ಅವಳ ತಲೆಯಲ್ಲಿತ್ತು.

ಗೇರಿನ ಪೆಟ್ಟಿಗೆ ಬಿಚ್ಚಿದಾಗ ಒಳಗಿನ ಎಣ್ಣೆ ರಾಗಿ ಅಂಬಲಿಯಂತಾಗಿತ್ತು. ಹಲ್ಲುಗಳು ಸವೆದು ಬೋಳಾಗಿದ್ದವು, ಗೇರನ್ನು ಹಿಡಿದಿಡುವ ಗುಳಿಯಂತೂ ಇತ್ತೋ ಇಲ್ಲವೋ ಎನ್ನುವ ಹಾಗೆ ಅಳಿಸಿಹೋಗಿತ್ತು. ಹೊಸ ಹಲ್ಲುಚಕ್ರ ಬೊಂಬಾಯಿಯಿಂದ ಬಂತು. ಕುಂದಾಪುರದಲ್ಲಿ ಲೇತು ಇಟ್ಟ ಕಿಟ್ಟ ಶಾಫ್ಟನ್ನು ಕಡೆದು, ಹೊಸ ಗುಳಿ ತೋಡಿ ಕೊಟ್ಟ. ಜೋಡಿಸಲು ಮಾತ್ರ ಭೋಜರಾಜನ ದಪ್ಪ ಬೆರಳು ಬಗ್ಗಲಿಲ್ಲ. ಶಾಫ್ಟಿನ ಸುತ್ತ ಸೂಜಿಯಂಥ ಸಣ್ಣ ಸರಳುಗಳನ್ನು ಗ್ರೀಸಿನಲ್ಲಿ ಅಂಟಿಸಿ ಒಂದೊಂದಾಗಿ ನಿಲ್ಲಿಸಬೇಕು. ಒಂದು ಬಿದ್ದರೆ ಎಲ್ಲ ಬೀಳುತ್ತವೆ. ರಾಜೀವಿ ಕೊಟ್ಟಿಗೆಯ ನೆಲದ ಮೇಲೆ ಗೋಣಿ ಹಾಸಿ ಕೂತು, ಮಲ್ಲಿಗೆ ಕಟ್ಟುವ ಬೆರಳಿನಲ್ಲಿ ಅವನ್ನೆಲ್ಲ ನಿಲ್ಲಿಸಿದಳು. "ಭಾರೀ ಲಾಯ್ಕ್ ಆಯ್ತ್" ಎಂದ ಗಂಡ. ಮದುವೆಯಾದ ಮೇಲೆ ಅವನು ಅವಳನ್ನು ಹೊಗಳಿದ್ದು ಬಹುಶಃ ಅದೇ ಮೊದಲು.

ಕೊನೆಗೆ ಉಳಿದದ್ದು ಬಟಾಣಿ ಗಾತ್ರದ ಒಂದು ಉಕ್ಕಿನ ಗುಂಡು, ಅದರ ಬೆನ್ನಿಗೊಂದು ಸ್ಪ್ರಿಂಗು, ಮೇಲೆ ಮುಚ್ಚಲು ಒಂದು ತಿರುಪು. ಗೇರು ಬಿದ್ದ ಕೂಡಲೇ ಗುಂಡು ಗುಳಿಯಲ್ಲಿ ಕೂತು ಅದನ್ನು ಅಲುಗದಂತೆ ಹಿಡಿಯಬೇಕು.

"ಇದ್ ಕಾಣ್," ಎಂದು ಭೋಜರಾಜ ಗುಂಡನ್ನು ಅವಳ ಅಂಗೈಗೆ ಹಾಕಿದ. "ಇನ್ ನಿನ್ನ ಕೈ ಕೆಲ್ಸ ಮಾಡುದ್ ಇದೇ. ಹಾಕಿ ತಿರ್ಪ್ ಬಿಗಿ, ನಾನ್ ಕೈ ತೊಳ್ಕಂಡ್ ಬತ್ತೆ."

ಅವನು ಬಾವಿಯ ಕಡೆ ಹೋದ. ಜಗಲಿಯಲ್ಲಿದ್ದ ಅಕ್ಕ ಕರೆದು ಕೇಳಿದ್ದು ಕೊಟ್ಟಿಗೆಗೆ ಚೆನ್ನಾಗಿ ಕೇಳಿಸಿತು.

"ಆಯ್ತಾ ಭೋಜ? ಇನ್ ಮುಂದಿನ್ ಸೀಟ್ ನಂದ್. ಸುರುವಿಗೆ ಬ್ರಹ್ಮಾವರದ ಮದಿಗೆ ಹೋಪ."

"ಶಿರೂರ್‌ಗೆ ಕರ್ಕಂಡ್ ಹೋತೆ ಅಂದಿದ್ದೆ, ಅಕ್ಕ."

"ಶಿರೂರ್‌ಗೆ ಎಂತಕ್ಕೆ ಈಗ? ಮುದ್ಕಿ ಸತ್ ಮೇಲೆ ಹ್ಯಾಂಗೂ ಹೋಯ್ಕ್. ಒಂದೇ ಸಲ ಹೋರೆ ಸೈ."

ರಾಜೀವಿ ಗಂಡನ ಉತ್ತರಕ್ಕೆ ಕಿವಿಯಾನಿಸಿದಳು. ಬಾವಿಯ ರಾಟೆ ಕಿರುಗುಟ್ಟಿತು. "ಹ್ಞೂಂ, ನೀ ಹೇಳ್ದಾಂಗೆ" ಎಂದ ಅವನು.

ಅವಳಿಗೆ ಮೈಯೆಲ್ಲ ಉರಿಯಿತು. ಸ್ಪ್ರಿಂಗನ್ನು ಹಾಕಿದಳು, ತಿರುಪು ಬಿಗಿದಳು, ಗುಂಡನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮೂರನೇ ಗೇರು ಎಂದಿನಂತೆ ಹಾರಿತು. ಭೋಜರಾಜನಿಗೆ ಅನ್ನ ಸೇರಲಿಲ್ಲ. ತಪ್ಪು ತನ್ನ ಜೋಡಣೆಯಲ್ಲಿರಬಹುದೆಂದು ಮತ್ತೆ ಬಿಚ್ಚಿ ನೋಡುವವನಲ್ಲ ಅವನು. ನೇರ ಕುಂದಾಪುರಕ್ಕೆ ಹೋಗಿ, ಕಿಟ್ಟನನ್ನು ಹತ್ತು ಜನರೆದುರು ಹಿಡಿದು, "ನಿಂಗೆ ಲೇತ್ ಎಂತಕ್ಕೆ ಮಾರಾಯ, ಗಾಣ ತಿರ್ಗ್ಸುಕ್ ಹೋಗ್" ಎಂದು ಬೈದು ಬಂದ. ಕಿಟ್ಟ ಕಣ್ಣಲ್ಲಿ ನೀರು ತಂದುಕೊಂಡನಂತೆ. ಉಣ್ಣುತ್ತಾ ಇದನ್ನೆಲ್ಲ ಹೇಳುತ್ತಿದ್ದ ಗಂಡನಿಗೆ ರಾಜೀವಿ ಸಾರು ಬಡಿಸಿದಳು. ಗಂಟು ಸೊಂಟಕ್ಕೆ ಒತ್ತುತ್ತಿತ್ತು. ಕಿಟ್ಟ ಪಾಪ ಎನಿಸಿತು. ಆದರೆ ಬ್ರಹ್ಮಾವರದ ಮದುವೆಗೆ ಹೋದ ದಿನ ದಾರಿಯುದ್ದಕ್ಕೂ ಅವಳೇ ಮುಂದೆ ಕೂತಿದ್ದಳು.

ವಾರ ಕಳೆಯುವುದರೊಳಗೆ ಜಲಜ ಬುಟ್ಟಿ ಇಳಿಸದೆಯೇ ಅಂಗಳದಿಂದ ಕೂಗಿದಳು. "ಶೆಡ್ತ್ಯಮ್ಮ, ನಿಮ್ಮಬ್ಬಿ ನೀರ್ ಸಹ ಕುಡಿತಿಲ್ಲ ಅಂಬ್ರ್. ನಿಮ್ಮನ್ನೇ ಕೇಂತ್ರಂಬ್ರ್."

ಮೀನಿನವಳ ಬಾಯಿಗೆ ಬಿದ್ದ ಸುದ್ದಿ; ಕಾರಿದ್ದೂ ಕಳಿಸಲಿಲ್ಲ ಎಂದು ಊರು ಆಡಿಕೊಳ್ಳುತ್ತದೆ ಎಂದು ಅಕ್ಕ ತಾನೇ ಹೊರಟು ನಿಂತಳು. ಇಳಿಜಾರನ್ನು ಅಲ್ಲಿಗೆ ಹೋದ ಮೇಲೆ ನೋಡಿಕೊಂಡರಾಯಿತು ಎಂದ ಭೋಜರಾಜ. ರಾಜೀವಿ ಮುಂದೆ, ಅಕ್ಕ ಹಿಂದೆ. ಬೈಂದೂರು ದಾಟಿ ಒತ್ತಿನೆಣೆಯ ಏರಿನಲ್ಲಿ ರಾಜೀವಿಯ ತೋಳು ಬಿದ್ದುಹೋಗುವಂತಾಯಿತು, ಆದರೂ ಬಿಡಲಿಲ್ಲ. ಗುಡ್ಡದ ನೆತ್ತಿಯಲ್ಲಿ ಭೋಜರಾಜ ಕಾರು ನಿಲ್ಲಿಸಿದ. ಎದುರಿಗೆ ರಸ್ತೆ ಸುತ್ತಿ ಸುತ್ತಿ ಶಿರೂರಿಗೆ ಇಳಿದಿತ್ತು, ಎಡಕ್ಕೆ ಕಡಲು.

"ಆತಿಲ್ಲ. ಇಳ್ಕಂಗೆ ಗೇರ್ ಹಾರ್ರೆ ಮೂರೂ ಜನ ಹೆಣ. ತಿರ್ಗ್ಸುದೇ."

"ಹ್ವಾಯ್, ನಾನ್ ಗಟ್ಟಿ ಹಿಡ್ಕಂತೆ. ನನ್ನಬ್ಬಿ..."

"ನಿನ್ನ ಕೈ ನಂಬಿ ನಮ್ ಜೀವ ಬಿಡುಕಾತ್ತಾ?" ಎಂದಳು ಹಿಂದಿನಿಂದ ಅಕ್ಕ. ಭೋಜರಾಜ ಸ್ಟೇರಿಂಗು ತಿರುಗಿಸತೊಡಗಿದ.

ರಾಜೀವಿ ಸೊಂಟಕ್ಕೆ ಕೈ ಹಾಕಿದಳು. ಗಂಟು ಬಿಗಿದುಹೋಗಿತ್ತು, ಹಲ್ಲಿನಿಂದ ಕಚ್ಚಿ ಬಿಚ್ಚಿ, ಗುಂಡನ್ನು ಅವನ ಮುಂದೆ ಹಿಡಿದಳು.

"ತಪ್ಪಾಯ್ತ್. ಇದನ್ನ ಹಾಕಿ. ಹಾಕಿ, ಹೋಪ."

ಭೋಜರಾಜ ಮೊದಲು ನೋಡಿದ್ದು ಗುಂಡನ್ನು. ಅವನ ಮುಖ ಅರಳಿತು. "ಹಾಂಗಾರೆ ನನ್ನ ಕೆಲ್ಸ ಸಮ ಇತ್ತ್!" ಎಂದ. ಅವಳ ಮುಖ ನೋಡಿದ್ದು ಆಮೇಲೆ. ಇಳಿದು ಸ್ಪ್ಯಾನರು ತೆಗೆದು, ಕಾಲಡಿಯ ಹಲಗೆ ಎತ್ತಿ, ತಿರುಪು ಬಿಚ್ಚಿ, ಒಂದು ಬೀಡಿ ಸೇದುವಷ್ಟರಲ್ಲಿ ಗುಂಡನ್ನು ಅದರ ಜಾಗಕ್ಕೆ ಕೂರಿಸಿಬಿಟ್ಟ. ಸರಳನ್ನು ಮೂರನೇ ಗೇರಿಗೆ ನೂಕಿದಾಗ ಒಳಗೆ ಟಿಕ್ ಎಂದಿತು.

ಅಷ್ಟರಲ್ಲಿ ಕುಸುಮಾವತಿ ಇಳಿದು ಮುಂದಿನ ಬಾಗಿಲು ತೆರೆದು ನಿಂತಿದ್ದಳು.

"ಇಳಿ," ಎಂದಳು. ದನಿ ಏರಿಸಲಿಲ್ಲ. "ಕಳ್ಳಿನ ಕೂರ್ಸ್ಕಂಬ್ ಕಾರ್ ಅಲ್ಲ ಇದ್. ನಿನ್ನಬ್ಬಿ ಮನಿ ಕೆಳ್ಗೇ ಇತ್ತಲ್ದಾ, ನಡ್ಕಂಡ್ ಹೋಗ್. ತಿರ್ಗಿ ಬಪ್ಪುದ್ ಬ್ಯಾಡ."

ಅಳಿಯಕಟ್ಟಿನಲ್ಲಿ ಹೆಂಡತಿಯನ್ನು ಬಿಡಲು ಇದಕ್ಕಿಂತ ಹೆಚ್ಚಿನದ್ದೇನೂ ಬೇಡ. ರಾಜೀವಿ ಗಂಡನನ್ನು ನೋಡಿದಳು. ಅವನು ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಿದ್ದ, ಒಂದೊಂದೇ ಬೆರಳನ್ನು.

ಅವಳು ಇಳಿದು ನಡೆದಳು. ಮೊದಲ ತಿರುವು ದಾಟುವಷ್ಟರಲ್ಲಿ ಹಿಂದೆ ಎಂಜಿನ್ನಿನ ಸದ್ದು ಕೇಳಿತು. ನಿಂತು ದಾರಿಯಂಚಿಗೆ ಸರಿದಳು. ಮನಸ್ಸು ಬದಲಾಯಿಸಿದನೇನೋ ಎಂದು ಸೆರಗು ಸರಿ ಮಾಡಿಕೊಂಡಳು ಸಹ. ಕಾರು ಅವಳ ಪಕ್ಕದಲ್ಲೇ ಹಾದು ಇಳಿಯಿತು, ಇಳಿಜಾರಿನುದ್ದಕ್ಕೂ, ಶಿರೂರಿನ ಮೊದಲ ಮನೆಗಳವರೆಗೆ. ಅಲ್ಲಿ ತಿರುಗಿಸಿಕೊಂಡು ಮತ್ತೆ ಏರಿ ಬಂತು. ಅವಳ ಹತ್ತಿರ ಬಂದಾಗ ಭೋಜರಾಜ ತಡೆಯಲಾರದೆ ಕಿಟಕಿಯಿಂದ ತಲೆ ಹೊರಹಾಕಿದ.

"ನಿಂತಿತ್ ಕಾಣ್!" ಎಂದು ಕೂಗಿದ. "ಒಂಚೂರೂ ಹಾರುದಿಲ್ಲ!"

ಅವನ ಪಕ್ಕದಲ್ಲಿ ಅಕ್ಕ ಕೊರಳು ನೆಟ್ಟಗೆ ಮಾಡಿ ಕೂತಿದ್ದಳು.

ಕಾರು ತಿರುವು ದಾಟಿ ಮರೆಯಾದ ಮೇಲೂ ಸದ್ದು ಕೇಳುತ್ತಿತ್ತು. ಎರಡನೇ ಗೇರು. ಸ್ವಲ್ಪ ಹೊತ್ತು. ಆಮೇಲೆ ಮೂರು. ದಾರಿಯಂಚಿನಲ್ಲಿ ನಿಂತ ರಾಜೀವಿಯ ಬಲಗೈ ತನ್ನಷ್ಟಕ್ಕೆ ಮುಷ್ಟಿಯಾಗಿ, ಗಾಳಿಯಲ್ಲಿ, ಮುಂದಕ್ಕೆ ಒತ್ತಿ ಹಿಡಿಯಿತು.