ಮೂರು ಬೆರಳಿನ ಸದ್ದು

ಭಾನುವಾರ ತಿಂಡಿ ಮುಗಿದ ಮೇಲೆ ಗೋವಿಂದರಾಜನಗರದ ಆ ಬಾಡಿಗೆ ಮನೆಯಲ್ಲಿ ಯಾರೂ ಪಾತ್ರೆ ಸದ್ದು ಮಾಡುವಂತಿರಲಿಲ್ಲ. ಅದು ಚನ್ನವೀರಪ್ಪ ಹಾಡಿನ ಪ್ಲೇಟು ಹಾಕುವ ಹೊತ್ತು. ಸ್ನಾನ, ಲಿಂಗಪೂಜೆ ಮುಗಿಸಿ, ತಿಂಡಿ ತಿಂದು, ಕೈಯನ್ನು ಇನ್ನೊಂದು ಸಲ ತೊಳೆದು ಒರೆಸಿಕೊಂಡು, ಕವರಿನೊಳಗಿಂದ ಕಪ್ಪು ಪ್ಲೇಟನ್ನು ಅಂಚಿನಲ್ಲಷ್ಟೇ ಹಿಡಿದು ಹೊರಗೆ ತೆಗೆಯುತ್ತಿದ್ದ. ತೊಟ್ಟಿಲಿಂದ ಹಸುಗೂಸನ್ನು ಎತ್ತುವವನ ಹಾಗೆ.

“ಹೆತ್ತ ಮಗಳನ್ನ ಒಂದಿನಾನೂ ಹಿಂಗೆ ಎತ್ಕೊಳ್ಳಲಿಲ್ಲವಲ್ಲೋ ನೀನು,” ಎಂದು ಅವನ ತಾಯಿ ಜಗದಾಂಬಾ ಬಾಗಿಲಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತ ಹೇಳುತ್ತಿದ್ದರು.

“ಮಗಳು ಬಿದ್ರೆ ಎದ್ದು ಕೂರ್ತಾಳೆ ಅವ್ವಾ. ಇದು ಬಿದ್ರೆ ಮುಗೀತು.”

“ವಚನದ್ದೊಂದು ಪ್ಲೇಟು ತಾರೋ ಅಂದ್ರೆ, ಪ್ರೀತಿ ಪ್ರೇಮ ಅಂತ ವಯಸ್ಸಾದೋರ ಎದುರಿಗೆ ಹಾಡಿಸ್ತೀಯ.”

ಹಾಗೆ ಬೈದರೂ ಜಗದಾಂಬಾ ಎದ್ದು ಹೋಗುತ್ತಿರಲಿಲ್ಲ. ಕವರಿನ ಮೇಲೆ ಮಲ್ಲಿಗೆ ದಂಡೆ ಮುಡಿದ ಹೆಣ್ಣೊಬ್ಬಳು ಬೆನ್ನು ತೋರಿಸಿ ನಿಂತಿದ್ದಳು. ಆ ಕವರನ್ನು ಬೋರಲು ಮಾಡಿ ಇಟ್ಟು, ತಾವು ಮಾತ್ರ ಅಲ್ಲೇ ಕೂತು ಕೊನೆಯ ಹಾಡಿನವರೆಗೂ ಕೇಳುತ್ತಿದ್ದರು.

ಪ್ಲೇಟಿನ ತುಂಬ ಒಬ್ಬಳೇ ಹೆಣ್ಣುಮಗಳ ದನಿ. ಎಲ್ಲವೂ ಒಲವಿನ ಹಾಡುಗಳೇ. ಮದುವೆಯಾದ ಹೊಸತರಲ್ಲಿ ಚನ್ನವೀರಪ್ಪ ಅದನ್ನು ತಂದಾಗ ಮನೆಯಲ್ಲಿ ಪ್ಲೇಟು ಹಾಕಿ ಹಾಡಿಸುವ ಪೆಟ್ಟಿಗೆಯೇ ಇರಲಿಲ್ಲ. ಹೆಂಡತಿ ನೀಲಮ್ಮ ಆಗ ನಕ್ಕಿದ್ದಳು. ಪೆಟ್ಟಿಗೆ ಬರುವ ಹೊತ್ತಿಗೆ ಮಗಳು ಬಸವರಾಜೇಶ್ವರಿ, ಮನೆಯವರ ಬಾಯಲ್ಲಿ ರಾಜಿ, ಸ್ಕೂಲಿಗೆ ಸೇರಿಯಾಗಿತ್ತು. ಇಷ್ಟು ವರ್ಷದಲ್ಲಿ ಚನ್ನವೀರಪ್ಪ ಹೆಂಡತಿಗೆ ನಯವಾದ ಮಾತೊಂದನ್ನು ಹೇಳಿದವನಲ್ಲ. ಮೂರನೆಯ ಹಾಡಿನ ನಡುವೆ ಒಂದು ಸಾಲು ಬಂದಾಗ ಮಾತ್ರ ಒಮ್ಮೆ ಅಡಿಗೆಮನೆಯ ಕಡೆ ನೋಡುತ್ತಿದ್ದ. ಆ ಹೊತ್ತಿಗೆ ನೀಲಮ್ಮ ಬುಸುಗುಡುವ ಸ್ಟೌವಿನ ಗಾಳಿ ಇಳಿಸಿರುತ್ತಿದ್ದಳು.

ಕೇಳಲು ಪದ್ಮನಾಭನೂ ಬರುತ್ತಿದ್ದ. ಚನ್ನವೀರಪ್ಪನ ಜೊತೆ ಒಂದೇ ಕಾರ್ಖಾನೆಯಲ್ಲಿ, ಅದೇ ಶಿಫ್ಟಿನಲ್ಲಿ ಇದ್ದವನು. ಗೋಡೆಯ ಬದಿಗೆ ಎರಡು ಸ್ಪೀಕರ್ ಪೆಟ್ಟಿಗೆಗಳನ್ನು ಎಲ್ಲಿಡಬೇಕು ಎಂದು ಇಬ್ಬರೂ ಜಗಳವಾಡಿ, ಕೊನೆಗೆ ಕೆಂಪು ನೆಲದ ಮೇಲೆ ಸೀಮೆಸುಣ್ಣದಿಂದ ಒಂದು ಗುರುತು ಹಾಕಿದ್ದರು. ಅಲ್ಲಿ ಕೂತರೆ ತಬಲಾ ಎಡಗಡೆಯಿಂದ, ಕೊಳಲು ಬಲಗಡೆಯಿಂದ ಬರುತ್ತಿತ್ತು. ಹಾಡುವವಳ ದನಿ ಮಾತ್ರ ಕ್ಯಾಲೆಂಡರ್ ಬಿಟ್ಟು ಬೇರೇನೂ ಇಲ್ಲದ ನಡುಗೋಡೆಯಿಂದ ಬರುತ್ತಿತ್ತು.

“ಈಗಿನೋರು ಹಾಡುಗಾರರನ್ನ ಡ್ರಮ್ಮಿನೊಳಗೆ ಕೂರಿಸಿ ರೆಕಾರ್ಡ್ ಮಾಡ್ತಾರೆ ಅಂತ ಕಾಣ್ತದೆ,” ಎನ್ನುತ್ತಿದ್ದ ಪದ್ಮನಾಭ. “ಇದು ನೋಡಿ ಅತ್ತಿಗೆ, ಆಯಮ್ಮ ನಮ್ಮೆದುರಿಗೇ ಚಾಪೆ ಹಾಕ್ಕೊಂಡು ಕೂತಿದಾಳೆ. ಸಾಲು ಎತ್ತೋಕೆ ಮುಂಚೆ ತುಟಿ ಬಿಡೋದೂ ಕೇಳಿಸ್ತದೆ.”

“ಹಂಗಾದ್ರೆ ಅವಳಿಗೂ ಒಂದು ಲೋಟ ಕಾಫಿ ಇಡ್ಲಾ?” ಎಂದು ನೀಲಮ್ಮ ಒಳಗಿಂದಲೇ ಕೇಳುತ್ತಿದ್ದಳು.

ಆ ಗುರುತಿನ ಮೇಲೆ ಕೂರುವವಳು ರಾಜಿ. ಅವಳೊಂದು ದಿನ ಕಣ್ಣು ಮುಚ್ಚಿ ಕೇಳುತ್ತಿದ್ದವಳು ಥಟ್ಟನೆ ಬೆರಳೆತ್ತಿದಳು. “ಅಪ್ಪಾಜಿ, ಬಳೆ!”

ಚನ್ನವೀರಪ್ಪ ಮುಳ್ಳನ್ನು ಎತ್ತಿ ಹಿಂದಕ್ಕಿಟ್ಟ. ಮೂರನೆಯ ಹಾಡಿನಲ್ಲಿ ಕೊಳಲು ನಿಂತು, ಹಾಡುವವಳು ಉಸಿರು ತೆಗೆದುಕೊಳ್ಳುವ ಕಡೆ, ಗಾಜಿನ ಬಳೆ ಬಳೆಗೆ ತಾಗಿದ ಸಣ್ಣ ಸದ್ದು. ಕಿಣ್. ಅಷ್ಟೇ. ಇಷ್ಟು ದಿನ ಕೇಳಿದ ಇಬ್ಬರು ಗಂಡಸರ ಕಿವಿಗೂ ಅದು ಬಿದ್ದಿರಲಿಲ್ಲ. ಪದ್ಮನಾಭ ಎದ್ದು ನಿಂತು ಆ ಪುಟ್ಟ ಹುಡುಗಿಗೆ ಕೈಮುಗಿದ. ಅವತ್ತಿನಿಂದ ಆ ಬಳೆ ರಾಜಿಯದಾಯಿತು. ಪ್ರತಿ ಭಾನುವಾರ ಆ ಜಾಗ ಬರುವ ಮೊದಲೇ ಅವಳ ತೋರುಬೆರಳು ಮೆಲ್ಲಗೆ ಮೇಲೇಳುತ್ತಿತ್ತು. “ಅಮ್ಮ, ನೀನೂ ಬಾ, ಕೇಳು,” ಎಂದು ಕರೆಯುತ್ತಿದ್ದಳು. “ಬಂದೆ ಕಣೇ, ಒಗ್ಗರಣೆ ಹಾಕಿ ಬಂದೆ,” ಎನ್ನುತ್ತಿದ್ದಳು ನೀಲಮ್ಮ. ಒಗ್ಗರಣೆ ಮುಗಿಯುವಷ್ಟರಲ್ಲಿ ಹಾಡು ಮುಗಿದಿರುತ್ತಿತ್ತು.

ಆಯುಧಪೂಜೆ ಬಂತು. ಚನ್ನವೀರಪ್ಪ ಕಾರ್ಖಾನೆಯ ಪೂಜೆಗೆ ಹೋದ. ಜಗದಾಂಬಾ ಮೊಮ್ಮಗಳನ್ನು ಕರೆದುಕೊಂಡು ಮಾಗಡಿ ರಸ್ತೆಯಲ್ಲಿ ಬಾಳೆಕಂದು ಕಟ್ಟಿಸಿಕೊಂಡ ಲಾರಿಗಳನ್ನು ನೋಡಲು ಹೋದರು. ನೀಲಮ್ಮ ಒಬ್ಬಳೇ ಉಳಿದು ಮನೆಯ ಆಯುಧಗಳನ್ನೆಲ್ಲ ತೊಳೆದು ಜೋಡಿಸಿದಳು. ಈಳಿಗೆಮಣೆ, ಒರಳು, ಇಸ್ತ್ರಿಪೆಟ್ಟಿಗೆ, ಹೊಲಿಗೆ ಮೆಷಿನ್ನು, ಗಂಡನ ಸೈಕಲ್ಲು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ತೇಯ್ದು, ಮೂರು ಬೆರಳು ಅದ್ದಿ, ಒಂದೊಂದಕ್ಕೂ ಮೂರು ಮೂರು ಗೆರೆ ಎಳೆದು ಹೂವಿಟ್ಟಳು. ಪ್ಲೇಟು ಹಾಕುವ ಪೆಟ್ಟಿಗೆಗೂ ಎಳೆದಳು. ಮುಚ್ಚಳ ತೆಗೆದಳು. ಹಬ್ಬದ ಗಡಿಬಿಡಿಯಲ್ಲಿ ತೆಗೆದಿಡದೆ, ಕಳೆದ ಭಾನುವಾರದ ಪ್ಲೇಟು ಅದರ ಮೇಲೇ ಉಳಿದಿತ್ತು.

ದುಡಿಯುವುದು ಪೆಟ್ಟಿಗೆ ಇರಬಹುದು, ಹಾಡುವುದು ಇದಲ್ಲವೇ ಅನ್ನಿಸಿತು. ಮನೆಗೆ ಇಷ್ಟು ಸುಖ ಕೊಟ್ಟದ್ದನ್ನು ಬರಿಹಣೆಯಲ್ಲಿ ಬಿಡುವುದಕ್ಕೆ ಮನಸ್ಸು ಬರಲಿಲ್ಲ. ಪ್ಲೇಟಿನ ಮೈಗೆ ಬೆರಳು ತಾಗಿಸಬಾರದು ಎಂದು ಗಂಡ ಹೇಳುತ್ತಿದ್ದದ್ದು ಗೊತ್ತಿತ್ತು. ಆದರೆ ಅದು ಕೊಳೆ ಬೆರಳಿಗೆ ಹೇಳಿದ ಮಾತು, ವಿಭೂತಿಯ ಬೆರಳಿಗಲ್ಲ ಎಂದುಕೊಂಡಳು. ಅಂಚಿನಿಂದ ನಡುವಿನ ಕಾಗದದವರೆಗೆ ನಿಧಾನವಾಗಿ ಮೂರು ಗೆರೆ ಎಳೆದು, ಒಂದು ಸೇವಂತಿಗೆ ಎಸಳು ಇಟ್ಟು ಕೈಮುಗಿದಳು. ಕಪ್ಪಿನ ಮೇಲೆ ಬಿಳಿ ಎಷ್ಟು ಚೆನ್ನಾಗಿ ಕಂಡಿತು.

ಸಂಜೆ ಒಣಗಿದ ಮೇಲೆ ಹಳೇ ಸೀರೆಯ ಮೆತ್ತನೆ ತುಂಡಿನಿಂದ ಒತ್ತಿ ಒರೆಸಿದಳು. ಫಳಫಳ ಎಂದಿತು. ಬೂದಿಯ ನುಣುಪು ಆ ಕೂದಲೆಳೆಯಂಥ ಗೀರುಗಳೊಳಗೆ ಇಳಿದಿದೆ, ಒತ್ತಿದಷ್ಟೂ ಒಳಗೆ ಹೋಗುತ್ತಿದೆ ಎಂಬುದು ಅವಳಿಗೆ ಹೊಳೆಯಲಿಲ್ಲ.

ಮುಂದಿನ ಭಾನುವಾರ ಮುಳ್ಳು ಇಳಿಯಿತು. ಚಟ್ ಚಟ್ ಚಟ್. ಒಂದು ಗಳಿಗೆ ಬಿಟ್ಟು ಮತ್ತೆ ಚಟ್ ಚಟ್ ಚಟ್. ಪ್ಲೇಟು ಸುತ್ತುವ ಪ್ರತಿ ಸುತ್ತಿಗೂ. ಹಾಡುವವಳ ದನಿ ಹಾಗೇ ಇತ್ತು, ಆದರೆ ಯಾರೋ ಅವಳ ಬೆನ್ನ ಹಿಂದೆ ಕಡಲೆಕಾಯಿ ಒಡೆಯುತ್ತ ಕೂತಂತಿತ್ತು. ಮೂರನೆಯ ಹಾಡು ಬಂತು. ರಾಜಿಯ ಬೆರಳು ಎದ್ದಿತು. ಬಳೆ ಬರುವಲ್ಲಿ ಚಟ್ ಚಟ್ ಚಟ್ ಬಂತು.

“ಯಾರು ಮುಟ್ಟಿದ್ದು ಇದನ್ನ?” ಎಂದ ಚನ್ನವೀರಪ್ಪ.

ನೀಲಮ್ಮ ಕಾಫಿ ಲೋಟಗಳನ್ನು ಹಿಡಿದು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸದ್ದು ಮೂರು ಮೂರಾಗಿ ಬರುತ್ತಿದೆ ಎಂದು ಕಿವಿಗೆ ಬಿದ್ದ ಕೂಡಲೇ ಅವಳ ಬಲಗೈಯ ಬೆರಳುಗಳು ತಣ್ಣಗಾದವು.

“ರಾಜಿ, ‘ನಾನೇ ಹಾಕ್ಲಾ, ನಾನೇ ಹಾಕ್ಲಾ’ ಅಂತ ದಿನಾ ಕೇಳ್ತಿದ್ದೋಳು ನೀನು.”

“ನಾನಲ್ಲ ಅಪ್ಪಾಜಿ.”

“ಸುಳ್ಳು ಹೇಳಬೇಡ. ಅಜ್ಜಿ ಮುಟ್ಟಿದ್ರಾ? ಅಮ್ಮ ಮುಟ್ಟಿದ್ಲಾ?”

“ನಾನಲ್ಲ.”

ಆಗ ನೀಲಮ್ಮನ ಒಂದು ಮಾತು ಸಾಕಾಗಿತ್ತು. ಆದರೆ ಪದ್ಮನಾಭ ಕೂತಿದ್ದ, ಅತ್ತೆ ಕೂತಿದ್ದರು. ಅಷ್ಟೂ ತಿಳಿಯದವಳೇ ನೀನು ಎಂದು ಗಂಡ ಅವರೆದುರು ಕೇಳುವುದು ಅವಳ ಕಣ್ಣಿಗೆ ಕಟ್ಟಿತು. ಒಳಗೆ ಸಾರು ಉಕ್ಕಿತು. ಉಕ್ಕದಿದ್ದರೂ ಬಹುಶಃ ಅವಳು ಒಳಗೇ ಹೋಗುತ್ತಿದ್ದಳು. ಸ್ಟೌವ್ ಇಳಿಸಿ ಬರುವಷ್ಟರಲ್ಲಿ ತೀರ್ಮಾನವಾಗಿತ್ತು. ರಾಜಿ ಇನ್ನು ಮೇಲೆ ಹಾಡಿನ ಹೊತ್ತಿನಲ್ಲಿ ಹಜಾರಕ್ಕೆ ಬರುವಂತಿಲ್ಲ. ಹುಡುಗಿ ಅಳಲಿಲ್ಲ. ಗುರುತಿನ ಮೇಲಿಂದ ಎದ್ದು ಬಂದು ಅಮ್ಮನ ಪಕ್ಕ ಅಡಿಗೆಮನೆಯ ನೆಲದಲ್ಲಿ ಕೂತಳು. ಬೇರೆ ಯಾರ ಪಕ್ಕವೂ ಅಲ್ಲ, ಅಮ್ಮನ ಪಕ್ಕವೇ.

ಇವತ್ತು ಹೇಳುತ್ತೇನೆ, ಅವರು ಊಟ ಮಾಡಿದ ಮೇಲೆ ಹೇಳುತ್ತೇನೆ, ಸ್ವಲ್ಪ ನಗುನಗುತ್ತ ಇರುವಾಗ ಹೇಳುತ್ತೇನೆ ಎಂದುಕೊಂಡೇ ದಿನಗಳು ಹೋದವು. ನೆಲ ಒರೆಸುವಾಗ ನೀಲಮ್ಮ ಆ ಸೀಮೆಸುಣ್ಣದ ಗುರುತನ್ನು ಮೊದಲಿನಂತೆ ಸುತ್ತಿ ಬಿಟ್ಟು ಒರೆಸುತ್ತಿದ್ದಳು. ಮಗಳಿಗೆ ತುಪ್ಪ ಹೆಚ್ಚು ಬಡಿಸಿದಳು. ಒಬ್ಬಟ್ಟಿನ ದಿನವಲ್ಲದಿದ್ದರೂ ಒಬ್ಬಟ್ಟು ಮಾಡಿದಳು. “ಏನು ವಿಶೇಷ?” ಎಂದು ಅತ್ತೆ ಕೇಳಿದರೆ “ಬೇಳೆ ಇತ್ತು” ಎಂದಳು.

ಒಂದು ಬೆಳಿಗ್ಗೆ ಜಡೆ ಹಾಕಿಸಿಕೊಳ್ಳುತ್ತ ರಾಜಿ ಕೇಳಿದಳು. “ಅಮ್ಮ, ನಿದ್ದೇಲಿ ಎದ್ದು ಹೋಗಿ ಏನಾದ್ರೂ ಮುಟ್ಟಿದ್ರೆ ನಮಗೆ ಗೊತ್ತಾಗ್ತದಾ?”

ನೀಲಮ್ಮನ ಕೈಯಲ್ಲಿ ಬಾಚಣಿಗೆ ನಿಂತಿತು. “ಯಾಕೆ ಹಂಗೆ ಕೇಳ್ತೀಯ?”

“ನಾನು ಮುಟ್ಟಿಲ್ಲ. ಆದ್ರೆ ಅಪ್ಪಾಜಿ ಸುಮ್‌ಸುಮ್ನೆ ಹೇಳಲ್ಲ ಅಲ್ವಾ?” ಮತ್ತೆ ತಾನೇ, “ಒಂದು ದಿನ ಧೂಳು ಇದೆ ಅಂತ ಊದಿದ್ದೆ ಅಮ್ಮ. ಎಂಜಲು ಸಿಡಿದಿರಬಹುದಾ?”

“ಇಲ್ಲ ಪುಟ್ಟಿ. ಊದಿದ್ರೆ ಏನೂ ಆಗಲ್ಲ.”

“ನಿನಗೆ ಹೆಂಗೆ ಗೊತ್ತು?”

ನೀಲಮ್ಮ ರಿಬ್ಬನ್ನು ಕಟ್ಟಿದಳು. ಗಂಟು ಬಿಗಿಯಾಗಿ ಹುಡುಗಿ “ಹಾ” ಎಂದಳು.

ಆ ಸಂಜೆ ಚನ್ನವೀರಪ್ಪ ಚಪ್ಪಲಿ ಬಿಡುತ್ತಿರುವಾಗಲೇ ರಾಜಿ ಹೋಗಿ ಎದುರು ನಿಂತಳು. “ಅಪ್ಪಾಜಿ, ನಾನೇ ಇರಬೇಕು. ನಾನು ಊದಿದ್ದೆ.” ಅಪ್ಪ ಅವಳನ್ನು ನೋಡಿ, ಹತ್ತಿರಕ್ಕೆಳೆದುಕೊಂಡು ತಲೆ ಸವರಿದ. “ಒಪ್ಕೊಂಡೆಯಲ್ಲ, ಅಷ್ಟು ಸಾಕು. ಭಾನುವಾರ ಬಂದು ಕೂತ್ಕೋ ಹೋಗು.” ಜಗದಾಂಬಾ “ನನ್ನ ಬಂಗಾರ” ಎಂದು ದೃಷ್ಟಿ ತೆಗೆದರು.

ಅಡಿಗೆಮನೆಯಲ್ಲಿ ನೀಲಮ್ಮ ರಾಗಿಮುದ್ದೆ ಕಟ್ಟುತ್ತಿದ್ದಳು. ಇನ್ನು ಯಾರೂ ಏನನ್ನೂ ಕೇಳುವುದಿಲ್ಲ. ಗೊತ್ತಿಲ್ಲದೆಯೇ ಅವಳನ್ನು ಬಿಡಿಸಿ ಆ ಮಗು ತಾನೇ ಸಿಕ್ಕಿಹಾಕಿಕೊಂಡಿತ್ತು. ಮುದ್ದೆಯ ಬಿಸಿ ಅಂಗೈ ಸುಡುತ್ತಿದ್ದರೂ ಅವಳು ಬಹಳ ಹೊತ್ತು ಅದನ್ನು ಕೆಳಗಿಡಲಿಲ್ಲ.

ಭಾನುವಾರ ಪದ್ಮನಾಭ ಬಂದ. ರಾಜಿ ಗುರುತಿನ ಮೇಲೆ ಕೂತಳು, ಆದರೆ ಮೊದಲಿನಂತೆ ಚಕ್ಕಳಮಕ್ಕಳ ಹಾಕಿ ಅಲ್ಲ, ಮೊಣಕಾಲು ಕಟ್ಟಿಕೊಂಡು, ಅತಿಥಿಯ ಹಾಗೆ. ಹಾಡು ಶುರುವಾಯಿತು. ಚಟ್ ಚಟ್ ಚಟ್. ಪದ್ಮನಾಭ ಸಮಾಧಾನಕ್ಕೆ, “ಇರಲಿ ಬಿಡಮ್ಮ, ದನಿ ಏನೂ ಮಾಸಿಲ್ಲ,” ಎಂದ.

“ಬಳೆ ಹೋಯ್ತಲ್ಲ ಮಾಮ,” ಎಂದಳು ರಾಜಿ. “ನಾನೇ ಹಾಳು ಮಾಡ್ದೆ.”

ನೀಲಮ್ಮ ಸ್ಟೌವ್ ಆರಿಸಿದಳು. ಸೆರಗಿಗೆ ಕೈ ಒರೆಸಿಕೊಂಡು ಹಜಾರಕ್ಕೆ ಬಂದು, ನಿಂತುಕೊಂಡೇ ಹೇಳಿದಳು. “ಎಷ್ಟು ಸಲ ಸದ್ದು ಬರ್ತದೆ, ಎಣಿಸಿ ನೋಡಿ.”

“ಏನು ನೀಲಾ?” ಎಂದ ಚನ್ನವೀರಪ್ಪ.

“ಮೂರು. ಬಿಟ್ಟು ಮತ್ತೆ ಮೂರು.” ಅವಳು ಬಲಗೈಯ ಮೂರು ಬೆರಳುಗಳನ್ನು ಜೋಡಿಸಿ ಮುಂದೆ ಹಿಡಿದಳು. “ಇವು. ಆಯುಧಪೂಜೆ ದಿನ ಪ್ಲೇಟಿಗೆ ವಿಭೂತಿ ಹಚ್ಚಿದ್ದು ನಾನು. ಮಗು ಮುಟ್ಟಿಲ್ಲ.”

ಪ್ಲೇಟು ಸುತ್ತುತ್ತಲೇ ಇತ್ತು, ಅವಳ ಬೆರಳುಗಳು ಅದರೊಳಗಿಂದ ಸದ್ದು ಮಾಡುತ್ತಲೇ ಇದ್ದವು. ಪದ್ಮನಾಭ ಬಂದ ನಗುವನ್ನು ಕೆಮ್ಮು ಮಾಡಿಕೊಂಡ.

“ಅಲ್ವೋ, ಪೂಜೆ ಮಾಡಿದ್ದು ತಪ್ಪೇನೋ?” ಎಂದು ಜಗದಾಂಬಾ ಸೊಸೆಯ ಪರ ಎದ್ದರು. “ಶಿವನ ವಿಭೂತಿ ತಡ್ಕೊಳ್ಳದ ಪ್ಲೇಟು ಅದೆಂಥ ಪ್ಲೇಟು?”

ಚನ್ನವೀರಪ್ಪ ಹೆಂಡತಿಯ ಬೆರಳುಗಳನ್ನು ನೋಡಿದ, ಕೈಚಾಚಿ ಮುಳ್ಳು ಎತ್ತಿದ. “ಹಚ್ಚಿದ್ದಕ್ಕೆ ಏನಂತೀನಿ ನಾನು, ಆದ್ರೆ ಮಗೂನ…” ಎಂದ, ಅರ್ಧಕ್ಕೆ ನಿಲ್ಲಿಸಿ ಮಗಳ ಕಡೆ ತಿರುಗಿದ. ಅವನಿಗೂ ಮುಖ ಎತ್ತಲಾಗಲಿಲ್ಲ.

ರಾಜಿ ಮಾತ್ರ ಅಮ್ಮನನ್ನೇ ನೋಡುತ್ತಿದ್ದಳು. “ನಾನು ‘ನಾನಲ್ಲ’ ಅಂದೆನಲ್ಲ ಅಮ್ಮ. ಆಗ ನಿನಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಜಡೆ ಹಾಕುವಾಗಲೂ?”

“ಆಗಲೂ.”

ಸಾರು ಉಕ್ಕಿತ್ತು ಅಂತ, ಅಪ್ಪನಿಗೆ ಹೆದರಿದ್ದೆ ಅಂತ ನೀಲಮ್ಮ ಹೇಳಬಹುದಿತ್ತು. ಹುಡುಗಿ ಎದ್ದು ಹೋಗಿ ಹೊಸ್ತಿಲ ಆಚೆ ಕೂತಳು. ಜಗದಾಂಬಾ ಕರೆದರೆ ಬರಲಿಲ್ಲ, ಅಪ್ಪ ಕರೆದರೂ ಬರಲಿಲ್ಲ. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು. ಯಾರೂ ಸೊಪ್ಪು ಕೊಳ್ಳಲಿಲ್ಲ.

ಬಹಳ ಹೊತ್ತಾದ ಮೇಲೆ ರಾಜಿ ತಾನಾಗಿ ಒಳಗೆ ಬಂದಳು. ಕಣ್ಣು ಕೆಂಪಾಗಿತ್ತು. “ಅಮ್ಮ ಅಲ್ಲಿ ಕೂತ್ಕೊಳ್ಳಲಿ,” ಎಂದು ಗುರುತನ್ನು ತೋರಿಸಿದಳು. “ಪೂರ್ತಿ ಕೇಳಲಿ. ಮಧ್ಯ ಎದ್ದು ಹೋಗಬಾರದು.”

“ಅಡಿಗೆ…” ಎಂದರು ಜಗದಾಂಬಾ.

“ನೀವು ಸುಮ್ನಿರಿ ಅವ್ವಾ,” ಎಂದ ಚನ್ನವೀರಪ್ಪ, ಮುಳ್ಳನ್ನು ಮತ್ತೆ ಮೊದಲಿಗಿಟ್ಟ.

ನೀಲಮ್ಮ ಆ ಸೀಮೆಸುಣ್ಣದ ಗುರುತಿನ ಮೇಲೆ ಮೊದಲ ಸಲ ಕೂತಳು. ಎಡಗಡೆ ತಬಲಾ, ಬಲಗಡೆ ಕೊಳಲು. ಎದುರಿಗೆ, ಕ್ಯಾಲೆಂಡರಿನ ಕೆಳಗೆ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ ಒಬ್ಬಳು ತುಟಿ ಬಿಟ್ಟು ಉಸಿರೆಳೆದುಕೊಂಡಳು. ಅಡಿಗೆಮನೆಯಿಂದ ಇಷ್ಟು ದಿನ ಕೇಳಿದ್ದು ಇದನ್ನಲ್ಲ. ಒಲಿದವಳು ಗೋಡೆಯಾಚೆಗಲ್ಲ, ಮುಖಕ್ಕೇ ಹಾಡುತ್ತಿದ್ದಳು. ಆ ದನಿಯ ಮೇಲೆ ತನ್ನ ಮೂರು ಬೆರಳು ಸುತ್ತು ಸುತ್ತಿಗೂ ಬಂದು ಬಂದು ಬಡಿಯುತ್ತಿದ್ದವು. ಒಂದು ಸುತ್ತನ್ನೂ ಅವು ಬಿಡಲಿಲ್ಲ. ಅವಳು ಕಿವಿ ಮುಚ್ಚಿಕೊಳ್ಳಲಿಲ್ಲ, ಎದ್ದು ಹೋಗಲೂ ಇಲ್ಲ.

ಮೂರನೆಯ ಹಾಡಿನ ಆ ಸಾಲು ಬಂದಾಗ ಚನ್ನವೀರಪ್ಪ ಅಭ್ಯಾಸದಂತೆ ಅಡಿಗೆಮನೆಯ ಕಡೆ ನೋಡಿ, ಅಲ್ಲಿ ಯಾರೂ ಇಲ್ಲದ್ದು ಕಂಡು, ಇತ್ತ ತಿರುಗಿದ.

“ಬಳೆ ಎಲ್ಲಿ ಬರ್ತಿತ್ತು ರಾಜಿ?” ಎಂದು ನೀಲಮ್ಮ ಪಿಸುಮಾತಿನಲ್ಲಿ ಕೇಳಿದಳು. “ನಾನು ಒಂದು ಸಲಾನೂ ಕೇಳ್ಳಿಲ್ಲ.”

ರಾಜಿ ಬಾಗಿಲ ಚೌಕಟ್ಟಿಗೆ ಒರಗಿ, ಮುಖ ಗೋಡೆಯ ಕಡೆಗೇ ಮಾಡಿ ನಿಂತಿದ್ದಳು. ಕೊಳಲು ನಿಂತಿತು. ಹಾಡುವವಳು ಉಸಿರೆಳೆದಳು. ಚಟ್ ಚಟ್ ಚಟ್ ಎಂಬುದರ ನಡುವೆ ಎಲ್ಲೋ ಒಂದು ಕಡೆ, ಅಮ್ಮನ ಕಡೆ ತಿರುಗದೆಯೇ, ಅವಳ ತೋರುಬೆರಳು ಮೇಲೆದ್ದಿತು.