ಹಳೇಗೊಂದಿ ಶಾಲೆಯ ಪಾಯಖಾನೆ ಬೀಗ

ನಾನು ಏಳು ಲಿವರಿನ ಹಿತ್ತಾಳೆ ಬೀಗ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈಗ ನನ್ನನ್ನು ನೋಡಿದವರು ನಂಬುವುದಿಲ್ಲ. ಕಾರ್ಖಾನೆಯಲ್ಲಿ ನನ್ನ ಹೊಟ್ಟೆಗೆ ಸ್ಪ್ರಿಂಗು ಕೂರಿಸಿದ ಮುದುಕ ನನ್ನನ್ನು ಕಿವಿಯ ಹತ್ತಿರ ಹಿಡಿದು 'ಟಕ್' ಎನ್ನಿಸಿ ತಲೆದೂಗಿದ್ದ. ನನ್ನ ಜೊತೆ ಹುಟ್ಟಿದವರಲ್ಲಿ ಒಬ್ಬ ಅಕ್ಕಸಾಲಿಗನ ಅಂಗಡಿಗೆ ಹೋದ, ಇನ್ನೊಬ್ಬ ಸಹಕಾರಿ ಸಂಘದ ತಿಜೋರಿಗೆ. ಹಳೇಗೊಂದಿಯ ಸರ್ಕಾರಿ ಶಾಲೆಯ ಹೆಡ್‌ಮಾಸ್ತರರು ನನ್ನನ್ನು ಕೊಂಡಾಗ, ಅಲ್ಲಿ ಏನೋ ದೊಡ್ಡ ಖಜಾನೆ ಇರಬೇಕು ಎಂದು ಎದೆಯುಬ್ಬಿಸಿ ಬಂದೆ. ತಂದು ಹಾಕಿದ್ದು ಹೆಣ್ಣುಮಕ್ಕಳ ಪಾಯಖಾನೆಗೆ.

ಹೆಡ್‌ಮಾಸ್ತರ್ ಚನ್ನವೀರಪ್ಪನವರು ಕೆಟ್ಟವರಲ್ಲ. ರೊಟ್ಟಿ ಹರಿದು ಭಿನ್ನರಾಶಿ ಕಲಿಸುವ ಮನುಷ್ಯ. ಆದರೆ ಹಿಂದೊಮ್ಮೆ ಯಾರೋ ಸಾಹೇಬರು ಪಾಯಖಾನೆ ಹೊಲಸಾಗಿದೆ ಎಂದು ಮಕ್ಕಳೆದುರೇ ಅವರನ್ನು ಬೈದಿದ್ದರು. ತೊಳೆಯಲು ಆಳಿಲ್ಲ, ನಳದಲ್ಲಿ ನೀರಿಲ್ಲ. ಹೀಗಿರುವಾಗ ಅವರಿಗೆ ಹೊಳೆದದ್ದು ಒಂದೇ ಉಪಾಯ: ಯಾರೂ ಬಳಸದಿದ್ದರೆ ಹೊಲಸಾಗುವುದೇ ಇಲ್ಲ! ನನ್ನ ಕೀಲಿಕೈಯನ್ನು ಅವರು ಸೊಂಟದ ಉಡದಾರಕ್ಕೆ ಕಟ್ಟಿಕೊಂಡರು. ನನ್ನನ್ನು ತೆಗೆಯಬೇಕಾದರೆ ಗೋಡೆಯ ಕಡೆ ತಿರುಗಿ, ಅಂಗಿ ಎತ್ತಿ, ಗಂಟು ಬಿಚ್ಚಬೇಕಿತ್ತು. ಇಷ್ಟು ಮರ್ಯಾದೆ ತಿಜೋರಿಗೆ ಹೋದ ನನ್ನ ತಮ್ಮನಿಗೂ ಸಿಕ್ಕಿರಲಿಕ್ಕಿಲ್ಲ ಎಂದು ನಾನು ಬೀಗಿದ್ದೂ ಉಂಟು.

ಶಾಲೆ ಸುಧಾರಿಸಲು ಸಂಸ್ಥೆಗಳು ಬರುತ್ತಿದ್ದವು. ಮೊದಲನೆಯದು ನನ್ನ ಪಕ್ಕದ ಗೋಡೆಯ ಮೇಲೆ ನಗುವ ನೀರಿನ ಹನಿಯ ಚಿತ್ರ ಬರೆದು, ಬೀಗ ಹಾಕಿದ ಬಾಗಿಲ ಮುಂದೆಯೇ ಫೋಟೋ ಹೊಡೆಸಿಕೊಂಡು, ನಾಲ್ಕು ಗಂಟೆಯ ಬಸ್ಸಿಗೆ ಹೋಯಿತು. ಎರಡನೆಯದು 'ನಮ್ಮ ಕನಸಿನ ಶಾಲೆ' ಎಂದು ಮಕ್ಕಳಿಂದ ಬಣ್ಣದ ಚೀಟಿ ಬರೆಸಿ ಅಂಟಿಸಿತು. ಒಂದು ವಾರದಲ್ಲಿ ಆ ಕನಸುಗಳೆಲ್ಲ ಬಿಸಿಯೂಟದ ಒಲೆ ಹೊತ್ತಿಸಲು ಉಪಯೋಗವಾದವು.

ಮೂರನೆಯದಾಗಿ ಬಂದವಳು ಹೊಸ್ತಿಲು ಬಳಗದ ಶಾಂಭವಿ. ತನ್ನ ಏಳು ಪುಟದ ಫಾರಮಿನಲ್ಲಿ 'ಶೌಚಾಲಯ ಇದೆಯೇ?' ಎಂಬ ಪ್ರಶ್ನೆಗೆ 'ಇದೆ' ಎಂದು ಗುರುತು ಹಾಕಿ ಗೇಟಿನವರೆಗೆ ಹೋಗಿದ್ದಳು. ಅಷ್ಟರಲ್ಲಿ ಏಳನೆಯ ಇಯತ್ತೆಯ ಹುಲಿಗೆಮ್ಮ ಊಟದ ಬಿಡುವಿನಲ್ಲಿ ಪಾಟೀಚೀಲ ಹೊತ್ತು ಮನೆಗೆ ಹೊರಟಿದ್ದು ಕಾಣಿಸಿತು.

"ಯಾಕವಾ, ಮಧ್ಯಾಹ್ನ ಸಾಲಿ ಇಲ್ಲೇನು?"

"ಐತ್ರೀ ಅಕ್ಕೋರ. ಮನಿಗೆ ಹೋಗಿ ಬಂದ್ರಾತು ಅಂತ ಹೋಗತೀನ್ರೀ. ಹೋದ್ರ ಅವ್ವ ಹೊಳ್ಳಿ ಕಳಸೂದಿಲ್ರೀ." ಹುಡುಗಿ ಗದ್ದದಿಂದ ನನ್ನ ಕಡೆ ತೋರಿಸಿದಳು.

ಗಣಿತದ ಪಾಠ ಮಧ್ಯಾಹ್ನವೇ. ಹುಲಿಗೆಮ್ಮ ಹಿಂದಿನ ವರ್ಷ ಎರಡು ಪರೀಕ್ಷೆಯಲ್ಲಿ ಗಣಿತಕ್ಕೆ ಸೊನ್ನೆಯ ಹತ್ತಿರ ಹೋಗಿ ಬಂದಿದ್ದಳು. 'ಏಳನೇದಕ್ಕ ಸಾಕು, ಇವ್ಳಿಗೆ ಅಕ್ಷರ ಹತ್ತೂದಿಲ್ಲ' ಎಂದು ಅವಳ ತಾಯಿ ತೀರ್ಮಾನ ಮಾಡಿಯಾಗಿತ್ತು. ಅಲ್ಲಿಯವರೆಗೆ ನಾನು ಪಾಯಖಾನೆಯನ್ನು ಕಾಯುತ್ತಿದ್ದೇನೆ ಎಂದೇ ತಿಳಿದಿದ್ದೆ. ಆ ದಿನ ನನಗೆ ನಿಜವಾಗಿ ನಾಚಿಕೆಯಾಯಿತು.

ಶಾಂಭವಿ ಫೋಟೋ ಹೊಡೆಯಲಿಲ್ಲ. ಹುಡುಗಿಯರ ಕೈಗೆ ಒಂದು ಸೀಮೆಸುಣ್ಣದ ಕಡ್ಡಿ ಕೊಟ್ಟು, ಬೀಗ ತೆಗೆದ ಒಂದೊಂದು ದಿನಕ್ಕೂ ಗೋಡೆಗೆ ಒಂದು ಗೆರೆ ಎಳೆಯಲು ಹೇಳಿದಳು. ಜೂನಿನಿಂದ ನವೆಂಬರಿನವರೆಗೆ ಐದು ಗೆರೆ ಬಿದ್ದವು. ಐದೂ ದಿನ ಸಾಹೇಬರು ಬಂದಿದ್ದರು.

ಮಕ್ಕಳ ಗ್ರಾಮಸಭೆಯಲ್ಲಿ ಹುಲಿಗೆಮ್ಮ ಎದ್ದುನಿಂತು ಆ ಐದು ಗೆರೆಗಳ ಲೆಕ್ಕ ಹೇಳಿದಳಂತೆ. ಚನ್ನವೀರಪ್ಪನವರು ಸಿಟ್ಟಾಗಿ, "ತಗದ್ರ ಹೊಲಸ ಆಗತೈತ್ರೀ. ತೊಳ್ಯಾಕ ಯಾರ ಬರತಾರ?" ಎಂದರಂತೆ. ಶಾಂಭವಿ ಜಗಳಕ್ಕೆ ಬರುತ್ತಾಳೆಂದು ಎಲ್ಲರೂ ಕಾದರೆ, ಅವಳು, "ಸರ್ ಹೇಳೂದು ಖರೇ ಐತ್ರೀ. ನೀರಿಲ್ದ, ತೊಳ್ಯಾವ್ರಿಲ್ದ ಅವ್ರೊಬ್ರ ಏನ್ ಮಾಡ್ಯಾರು? ಪೈಪು ಪಂಚಾಯ್ತಿ ಹಾಕಸ್ಬೇಕು," ಎಂದಳಂತೆ. ತಮ್ಮ ಪರವಾಗಿ ಮಾತಾಡುವವರನ್ನು ಕಂಡು ಅಭ್ಯಾಸವಿಲ್ಲದ ಹೆಡ್‌ಮಾಸ್ತರರು ಗಾಬರಿಯಾದರು. ಅಂದಿನಿಂದ ಅವಳು ಪ್ರತಿ ಮಂಗಳವಾರ ಪಂಚಾಯ್ತಿಗೆ ಹೋದಳು, ಅಧ್ಯಕ್ಷರು ಪ್ರತಿ ಮಂಗಳವಾರ ಹಿತ್ತಲ ಬಾಗಿಲಿನಿಂದ ಹೋದರು.

ಅಷ್ಟರಲ್ಲಿ ನಮ್ಮ ಪಾಯಖಾನೆ ತಾಲ್ಲೂಕಿನ ಅತಿ ಸ್ವಚ್ಛ ಶೌಚಾಲಯದ ಬಹುಮಾನದ ಕೊನೆಯ ಪಟ್ಟಿಗೆ ಆಯ್ಕೆಯಾಗಬೇಕೆ! ನೋಡಲು ಬಹುಮಾನ ಸಮಿತಿಯ ಮೇಡಂ ಬಂದರು. ಎರಡು ತಾಸು ಗುಂಡಿಯ ರಸ್ತೆಯಲ್ಲಿ ಕುಲುಕಿ ಬಂದಿದ್ದರು. ಅದರ ಮೇಲೆ ಅಧ್ಯಕ್ಷರು ಒತ್ತಾಯ ಮಾಡಿ ಎರಡು ಎಳನೀರು ಕುಡಿಸಿದ್ದರು. ಜೀಪಿನಿಂದ ಇಳಿದವರೇ, "ಮೊದ್ಲು ಬಾಗ್ಲಾ ತಗೀರಿ," ಎಂದರು. ಅದು ಪರಿಶೀಲನೆಯ ದನಿಯಾಗಿರಲಿಲ್ಲ.

ಚನ್ನವೀರಪ್ಪನವರು ಗೋಡೆಗೆ ತಿರುಗಿ ಅಂಗಿ ಎತ್ತಿದರು. ಸೊಂಟದಲ್ಲಿ ಹೊಸ ಉಡದಾರ ಹೊಳೆಯುತ್ತಿತ್ತು. ಸಮಿತಿ ಬರುವ ದಿನವೆಂದು ಬೆಳಿಗ್ಗೆ ಹಳೆಯದನ್ನು ಬಿಚ್ಚಿ ಹೊಸದು ಕಟ್ಟಿಕೊಂಡಿದ್ದರು. ಹಳೇ ಉಡದಾರ ಯಾರೂ ತುಳಿಯಬಾರದೆಂದು ಅವರ ತಾಯಿ ಅದನ್ನು ನೋಡದೆಯೇ ಎಲೆಯಲ್ಲಿ ಸುತ್ತಿ ಹಳ್ಳಕ್ಕೆ ಬಿಟ್ಟಿದ್ದರು. ನನ್ನ ಕೀಲಿಕೈ ಆಗಲೇ ತುಂಗಭದ್ರೆಯ ದಾರಿ ಹಿಡಿದಿತ್ತು.

"ಮೇಡಂ... ಕೀಲಿ..."

"ಲಗೂನ ರೀ!" ಮೇಡಂ ಒಂದು ಕಾಲಿನ ಮೇಲೆ ಇನ್ನೊಂದು ಕಾಲು ಹಾಕಿ ನಿಂತಿದ್ದರು.

ಸಮಿತಿ ಬರುತ್ತದೆಂದು ತಾನೂ ಬಂದಿದ್ದ ಶಾಂಭವಿ ಹೆಡ್‌ಮಾಸ್ತರರ ಮುಖ ನೋಡಿದಳು. "ಸರ್, ನೀವ ಹೇಳ್ಬೇಕು."

ಅವರು ಕಣ್ಣು ಮುಚ್ಚಿ, "ಒಡೀರಿ," ಎಂದರು.

ಹುಲಿಗೆಮ್ಮ ಬಿಸಿಯೂಟದ ಮನೆಯಿಂದ ಗುಂಡುಕಲ್ಲು ತಂದಳು. ಏಳು ಲಿವರಿನ ಬೀಗ ಸುಮ್ಮನೆ ಒಡೆಯುತ್ತದೆಯೇ? ಆದರೆ ಆ ದಿನ ನನಗೆ ಹಠ ಮಾಡುವ ಮನಸ್ಸಾಗಲಿಲ್ಲ. ಮೂರನೆಯ ಏಟಿಗೆ ಬಾಯಿ ಬಿಟ್ಟೆ. ಮೇಡಂ ಒಳಗೆ ನುಗ್ಗಿದರು. ಸ್ವಲ್ಪ ಹೊತ್ತಿಗೆ ಒಳಗಿನಿಂದ, "ನೀರು!" ಎಂಬ ಕೂಗು ಬಂತು. ಹುಡುಗಿಯರು ಬಿಂದಿಗೆ ಹಿಡಿದು ಓಡಿದರು.

ಹೊರಗೆ ಬಂದ ಮೇಡಂ ಗೋಡೆಯ ಮೇಲಿದ್ದ ಐದು ಗೆರೆ ನೋಡಿ, "ಇವೇನು?" ಎಂದರು. ಹುಲಿಗೆಮ್ಮ ಎಲ್ಲ ಹೇಳಿ, ಸುಣ್ಣದ ಕಡ್ಡಿ ತಂದು ಆರನೆಯದನ್ನೂ ಎಳೆದಳು. ಮೇಡಂ ಆರು ಗೆರೆಯ ಲೆಕ್ಕವನ್ನೂ ತಮ್ಮ ವರದಿಯಲ್ಲಿ ಬರೆದುಕೊಂಡರು. ಬಹುಮಾನ ಬರಲಿಲ್ಲ. ಹದಿನೈದು ದಿನದಲ್ಲಿ ಪೈಪು ಬಂತು. ತೊಳೆಯುವವರನ್ನು ತರಲು ಶಾಂಭವಿಗೆ ಇನ್ನೂ ಹನ್ನೊಂದು ಮಂಗಳವಾರ ಬೇಕಾದವು. ಅಷ್ಟು ದಿನ ಹೆಡ್‌ಮಾಸ್ತರರೇ ಪ್ಯಾಂಟು ಮಡಚಿ ಪೊರಕೆ ಹಿಡಿದರು.

ಈಗ ನಾನು ಅವರ ಮೇಜಿನ ಮೇಲೆ, ಗಾಳಿಗೆ ಹಾರದಂತೆ ಕಾಗದಗಳ ಮೇಲೆ ಕೂತಿದ್ದೇನೆ. ಬಾಯಿ ಮುಚ್ಚಲು ಬರುವುದಿಲ್ಲ, ಅದಕ್ಕೇ ಇಷ್ಟು ಮಾತು. ಪಾಯಖಾನೆಯ ಬಾಗಿಲಿಗೆ ಒಳಗಡೆ ಒಂದು ಚಿಲಕ ಹಾಕಿಸಿದ್ದಾರೆ. ಅದಕ್ಕೆ ಲಿವರೂ ಇಲ್ಲ, ಕೀಲಿಯೂ ಇಲ್ಲ, ಹಿತ್ತಾಳೆಯೂ ಅಲ್ಲ. ಆದರೂ ಅದು ದಿನಕ್ಕೆ ಐವತ್ತು ಸಲ ಸದ್ದು ಮಾಡುತ್ತದೆ. ನನಗೆ ಹೊಟ್ಟೆಕಿಚ್ಚಾಗುತ್ತದೆ, ಸುಳ್ಳೇಕೆ ಹೇಳಲಿ.

ಮೊನ್ನೆ ಹುಲಿಗೆಮ್ಮ ತಾಯಿಯೊಂದಿಗೆ ಬಂದಿದ್ದಳು. ಚನ್ನವೀರಪ್ಪನವರು ನನ್ನನ್ನು ಎತ್ತಿ ಪಕ್ಕಕ್ಕಿಟ್ಟು, ಕೆಳಗಿದ್ದ ಅವಳ ಟಿ.ಸಿ. ತೆಗೆದುಕೊಟ್ಟರು. ಹೈಸ್ಕೂಲಿಗೆ ಹೊರಟಿದ್ದಾಳೆ. ಗಣಿತದಲ್ಲಿ ಐವತ್ತೆಂಟು. ಟಿ.ಸಿ.ಯನ್ನು ಚೀಲಕ್ಕೆ ಹಾಕಿಕೊಂಡು, ಹೋಗುವ ಮೊದಲು ಆಕೆ ಕೇಳಿದ್ದು ಒಂದೇ ಮಾತು.

"ಸರ, ಅಲ್ಲಿ ಪಾಯಖಾನಿಗೆ ಬೀಗ ಐತೇನ್ರೀ?"

ಹೆಡ್‌ಮಾಸ್ತರರು ಮೇಜಿನ ಖಾನೆ ಎಳೆದು ಒಂದು ಸುಣ್ಣದ ಕಡ್ಡಿ ತೆಗೆದು ಅವಳ ಕೈಗಿಟ್ಟರು.