ಬಟ್ಟಲೆಲೆಯ ಗಿಡ

ಆ ಎಲೆ ಅಲುಗಿತು, ಇಲ್ಲ, ನಾನೇ ಚಿಮುಕಿಸಿದ ನೀರು, ಹನಿ ಜಾರಿದಾಗ ಜರೀಗಿಡ ತಲೆ ಬಗ್ಗಿಸಿ ಮತ್ತೆ ಎದ್ದು ನಿಂತಿತು ಅಷ್ಟೆ, ಈ ಗಾಜಿನ ಪೆಟ್ಟಿಗೆಯಲ್ಲಿ ತಾನಾಗಿ ಅಲುಗುವಂಥದ್ದು ಈಗ ಏನೂ ಇಲ್ಲ, ಕಪ್ಪೆ ಸತ್ತು ಹದಿನೈದು ದಿನ, ತಮ್ಮ ತೀರಿಹೋಗಿ ನಾಲ್ಕು ದಿನ, ಆದರೂ ಎದ್ದ ಕೂಡಲೇ ಕೈ ನೀರಿನ ಬಾಟಲಿ ಹುಡುಕುತ್ತದೆ — ದಿನಕ್ಕೆ ಎರಡು ಸಲ ಅಕ್ಕ, ಗಾಜು ಬೆವರೋ ಹಾಗೆ, ಬೇರು ಕೊಳೆಯೋ ಹಾಗಲ್ಲ — ಆಸ್ಪತ್ರೆಗೆ ಹೊರಟ ದಿನವೂ ಬ್ಯಾಗಿಗೆ ಬಟ್ಟೆ ತುಂಬುವುದು ಬಿಟ್ಟು ಇದನ್ನೇ ಹೇಳುತ್ತಿದ್ದ, ಕನ್ನಡಕದ ಅಂಗಡಿ ಅವನದು, ಯಾರ ಕಣ್ಣಿಗೆ ಎಷ್ಟು ಕಾಣುತ್ತದೆ ಎಂದು ದಿನವಿಡೀ ಅಳೆದು ಸಂಜೆ ಬೂಟು ಕೂಡ ಬಿಚ್ಚದೆ ಇದರ ಮುಂದೆ ಕೂರುತ್ತಿದ್ದ, ಹೆಬ್ಬೆರಳಿನಷ್ಟು ಮರಗಪ್ಪೆ, ಅದಕ್ಕೆ ಇಂಥ ಅರಮನೆ, ನಿನಗೊಬ್ಬಳು ಹೆಂಡತಿ ಬೇಡವೇನೋ ಎಂದರೆ, ಇದು ವಟಗುಟ್ಟೋದೇ ಸಾಕಕ್ಕ, ಎಂದು ನಗುತ್ತಿದ್ದ, ನರ್ಸರಿಯಲ್ಲಿ ನಾನು ಕೆಂಪೆಲೆಯದನ್ನು ಎತ್ತಿಕೊಂಡರೆ, ನೀನು ಲೈನಿಂಗ್ ಬಟ್ಟೆ ಹುಡುಕ್ತಿದ್ದೀಯ, ಬಣ್ಣ ಬಿಡು, ಕಪ್ಪೆ ಕೂತ್ರೆ ಎಲೆ ತಡೆಯುತ್ತಾ ನೋಡು, ನೆರಳಲ್ಲಿ ಬದುಕುತ್ತಾ ನೋಡು — ಹೌದು, ಹೊಲಿಗೆಯವಳಿಗೆ ಬಣ್ಣವೇ ಮೊದಲು — ತಂದ ಗಿಡವನ್ನು ಅವನು ನೇರ ಒಳಗಿಡುತ್ತಿರಲಿಲ್ಲ, ಬೇರಿನ ಮಣ್ಣೆಲ್ಲ ತೊಳೆದು, ಎಲೆ ಒಂದೊಂದೇ ಒರೆಸಿ, ತಿಂಗಳುಗಟ್ಟಲೆ ಬಾಲ್ಕನಿಯಲ್ಲಿ ಬೇರೆ ಇಡುತ್ತಿದ್ದ, ನರ್ಸರಿಯವರು ಹುಳಕ್ಕೆ ಔಷಧಿ ಹೊಡೆದಿರ್ತಾರೆ, ಕಪ್ಪೆ ಚರ್ಮದಲ್ಲೇ ನೀರು ಕುಡಿಯುತ್ತೆ ಕಣಕ್ಕ, ಗೊತ್ತಿತ್ತು, ನನಗೆ ಗೊತ್ತಿತ್ತು, ಗೊತ್ತಿರಲಿಲ್ಲ ಎಂದುಕೊಳ್ಳುವ ಸುಖವೂ ನನಗಿಲ್ಲ.

ಆಸ್ಪತ್ರೆಯಿಂದ ಫೋನು ಮಾಡಿ, ಭಾನುವಾರಕ್ಕೆ ಪೆಟ್ಟಿಗೆಯದೊಂದು ಫೋಟೋ ಕಳಿಸು ಅಂದ, ಅಷ್ಟೇ ಅವನು ಕೇಳಿದ್ದು, ಮೂಲೆಯ ಬಳ್ಳಿ ಕೊಳೆತು ಅಲ್ಲಿ ಬೋಳು, ಸೂಜಿ ಚುಚ್ಚಿದ ಕೈಯಲ್ಲಿ ಫೋನು ಹಿಡಿದು ಆ ಬೋಳು ಮೂಲೆ ನೋಡಬೇಕಾ ಇವನು ಎಂದುಕೊಂಡು ನರ್ಸರಿಗೆ ಓಡಿದೆ, ಎಲೆಗಳ ನಡುವೆ ಬಟ್ಟಲಿನಲ್ಲಿ ನಿಂತ ಹಾಗೆ ನೀರು ನಿಲ್ಲುವ ಗಿಡ, ನಡುವೆ ಕೆಂಪು, ನಲ್ಲಿ ಕೆಳಗೆ ಒಮ್ಮೆ ಹಿಡಿದು ನೆಟ್ಟೇಬಿಟ್ಟೆ, ಕಪ್ಪೆ ಅವತ್ತೇ ಹತ್ತಿ ಆ ನೀರಿನಲ್ಲಿ ಕೂತಿತು, ಎಷ್ಟು ಖುಷಿಪಟ್ಟೆ ನಾನು, ನನ್ನ ಆಯ್ಕೆ ಮೆಚ್ಚಿತು ಎಂದು, ಮೂರನೆಯ ಬೆಳಿಗ್ಗೆ ಅದೇ ಬಟ್ಟಲಿನಲ್ಲಿ ಹಿಂಗಾಲು ನೀಡಿಕೊಂಡು — ಗಿಡ ಕಿತ್ತರೆ ಮತ್ತೆ ಬೋಳು ಕಾಣುತ್ತದೆಂದು ಹಾಗೇ ಬಿಟ್ಟು ಫೋಟೋ ತೆಗೆದು ಕಳಿಸಿದೆ, ಕಪ್ಪೆ ಎಲ್ಲಕ್ಕ, ಎಲೆ ಹಿಂದೆ ಕೂತಿದೆ, ಹೊಸ ಗಿಡ ಅಲ್ವಾ, ಹೌದು, ಒಂದು ತಿಂಗಳು ಬಾಲ್ಕನಿಯಲ್ಲಿಟ್ಟೇ ಒಳಗಿಟ್ಟೆ ಕಣೋ, ಅಂದುಬಿಟ್ಟೆ, ಅವನು ಮನೆ ಬಿಟ್ಟು ಆಗ ಹನ್ನೆರಡೇ ದಿನ, ಹೌದಾ, ಚೆನ್ನಾಗಿದೆ, ಅಂದ. ಆಮೇಲೂ ದಿನಾ ಕೇಳುತ್ತಿದ್ದ, ತಿಂತಾ, ಎರಡು ಹುಳ ತಿಂತು, ಕೂಗ್ತಾ, ನಿದ್ದೆ ಮಾಡೋಕೆ ಬಿಡಲ್ಲ ನೋಡು, ನಾನು ಕಥೆ ಕಟ್ಟುತ್ತಿದ್ದೆ, ಅವನು ನಗುತ್ತಿದ್ದ, ಕೊನೆಯ ಸಂಜೆ ನನ್ನ ಬೆರಳು ಹಿಡಿದು, ನೀನು ಚೆನ್ನಾಗೇ ನೋಡ್ಕೊಂಡೆ ಬಿಡಕ್ಕ, ಅಂದ, ನೋಡ್ಕೊಂಡೆ, ನೋಡ್ಕೊಳ್ತಿದ್ದೀಯ ಅನ್ನಲಿಲ್ಲ, ಅವತ್ತೇ ನನ್ನ ಕಿವಿಗೆ ಬೀಳಬೇಕಿತ್ತು, ನಿನ್ನೆ ಅವನ ಸಾಮಾನು ತರಲು ಹೋದಾಗ ನರ್ಸಮ್ಮ ಫೋನು ಕೈಗಿಡುತ್ತಾ, ಪಾಪ, ಮಧ್ಯಾಹ್ನವೆಲ್ಲ ಒಂದು ಗಿಡದ ಫೋಟೋನೇ ನೋಡ್ತಿದ್ರು, ಎರಡು ಬೆರಳಲ್ಲಿ ದೊಡ್ಡದು ಮಾಡಿ ಮಾಡಿ, ಏನ್ ಹುಡುಕ್ತೀರಿ ಅಂದ್ರೆ ಏನಿಲ್ಲ ಸಿಸ್ಟರ್ ಅನ್ನೋರು — ಎರಡು ಬೆರಳು, ಪರದೆಯ ಮೇಲೆ ಕೂಡಿಸಿ ಅಗಲಿಸಿ, ಜರೀಗಿಡದ ಎಲೆ, ಅದರ ಹಿಂದೆ, ಇಲ್ಲ, ಪಾಚಿಯ ಅಂಚು, ಇಲ್ಲ, ಕೆಂಪು ಬಟ್ಟಲಿನ ಒಳಗೆ, ಇಲ್ಲ, ಮತ್ತೆ ಕೂಡಿಸಿ ಮತ್ತೆ ಅಗಲಿಸಿ, ಎರಡು ಬೆರಳು, ಆ ಎರಡು ಬೆರಳು